ಡೋರೀನ್ ಬೆನ್ನಿನ ನಾಲ್ಕು ಬಕಲ್

ಡೋರೀನ್ ಹ್ಯಾಲರನ್ ಅವರಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ನಮ್ಮ ರಾಕ್‌ಹ್ಯಾಂಪ್ಟನ್ ಊರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಅವರ ಜಾಗದಲ್ಲಿ ನಾನಿದ್ದಿದ್ದರೆ ನಮ್ಮನ್ನೆಲ್ಲ ಒದ್ದು ಓಡಿಸುತ್ತಿದ್ದೆ.

ನಲವತ್ತು ವರ್ಷ ಕುದುರೆಗಳಿಗೆ ಜೀನು ಹೊಲಿದ ಕೈ ಅವರದು. ಅಂಗಡಿ ಮುಚ್ಚಿದ ಮೇಲೆ ನಮ್ಮ ವೇಷದ ಗುಂಪಿಗೆ ಸೇರಿದರು. ನಾವು ಯೋಗದ ಚಾಪೆ ಕತ್ತರಿಸಿ, ಕಾಯಿಸಿ, ಬಗ್ಗಿಸಿ, ಬಣ್ಣ ಬಳಿದು ಯೋಧರ ಕವಚ ಮಾಡಿಕೊಂಡು ವೇಷದ ಸ್ಪರ್ಧೆಗೆ ಹೋಗುವವರು. ಮಾಡುವುದು ದೊಡ್ಡದಲ್ಲ, ಅದು ಮೈಮೇಲೆ ನಿಲ್ಲಬೇಕಲ್ಲ! ಅದಕ್ಕೆ ಡೋರೀನ್ ಬೇಕು. "ಹೊಟ್ಟೆ ಎಳ್ಕೋಬೇಡ ಕಣೋ, ಉಸಿರು ಬಿಡು. ದಿನಾ ಪೂರ್ತಿ ಹಿಂಗೇ ನಿಂತಿರ್ತೀಯಾ?" ಎಂದು ಗದರುತ್ತ ಪಟ್ಟಿ ಬಿಗಿಯುತ್ತಿದ್ದರು. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮೂರು ತೂರಬಾರದು. ಒಂಬತ್ತು ವರ್ಷದಲ್ಲಿ ಅವರು ಬಿಗಿದ ಒಂದು ಪಟ್ಟಿಯೂ ಜಾರಿಲ್ಲ.

ಈ ವರ್ಷ, ಅರವತ್ತಾರನೇ ವಯಸ್ಸಿನಲ್ಲಿ, ತಮಗೂ ಒಂದು ಕವಚ ಮಾಡಿಕೊಂಡರು. ಇಡೀ ಚಳಿಗಾಲ ಕೂತು, ಅಂಗಡಿಯಲ್ಲಿ ಉಳಿದಿದ್ದ ತೊಗಲನ್ನೆಲ್ಲ ಅದಕ್ಕೇ ಸುರಿದರು. ಮೊದಲ ಸಲ ಸ್ಪರ್ಧೆಯ ವೇದಿಕೆ ಹತ್ತುವವರಿದ್ದರು. ಬೆನ್ನಿನ ನಾಲ್ಕು ಬಕಲ್‌ಗೆ ಮಾತ್ರ ಇನ್ನೊಬ್ಬರ ಕೈ ಬೇಕಿತ್ತು.

"ಟೀಗನ್, ನನ್ ಬೆನ್ನು ನಿನ್ ಪಾಲು. ಗ್ಲೌಸ್ ಆಮೇಲೆ ಹಾಕ್ಕೋ."

"ಅಷ್ಟೂ ಗೊತ್ತಿಲ್ವಾ ನಂಗೆ?" ಅಂದೆ.

ಗ್ಲೌಸ್ ಯಾವಾಗಲೂ ಕೊನೆಗೆ. ಹಾಕಿಕೊಂಡರೆ ಬೆರಳು ಮಡಚುವುದಿಲ್ಲ, ಬಿಚ್ಚಲೂ ಬೇರೆಯವರೇ ಬೇಕು.

ಸ್ಪರ್ಧೆಯ ಶನಿವಾರ ವೇದಿಕೆಯ ಹಿಂದಿನ ಕೋಣೆಯಲ್ಲಿ ಡೋರೀನ್ ನಮ್ಮ ಏಳು ಜನಕ್ಕೂ ಪಟ್ಟಿ ಬಿಗಿದರು. "ಡೋರ್, ನಂದು ಮೊದ್ಲು!" ಎಂದು ಮುಗಿಬಿದ್ದವರು ಬಿಗಿಸಿಕೊಂಡದ್ದೇ ತಡ, ತಿರುಗಿಯೂ ನೋಡದೆ ಫೋಟೊಗೆ ಓಡಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅವರನ್ನು ಬೈಯಲು ನನಗೆ ಮುಖವಿಲ್ಲ, ನಾನೂ ಓಡಿದೆ. "ಬರಿಗೈಲಿ ಇದೆಂಥ ಯೋಧೆ?" ಎಂದು ಫೋಟೊದವನು ನಕ್ಕ. ಅವನ ಕೈಯಲ್ಲೇ ಎರಡೂ ಗ್ಲೌಸ್ ಕಟ್ಟಿಸಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸ್ಪರ್ಧೆಯಲ್ಲಿ ಹೆಸರು ಮೂರು ಸಲ ಕೂಗುತ್ತಾರೆ, ಬರದಿದ್ದರೆ ತೆಗೆದುಹಾಕುತ್ತಾರೆ. ಡೋರೀನ್ ಹೆಸರಿನ ಮೊದಲ ಕೂಗಿಗೆ ಎದ್ದುಬಿದ್ದು ಹಿಂದಕ್ಕೆ ಬಂದೆ. ಉಳಿದ ಆರೂ ಜನ ಆಗಲೇ ವೇದಿಕೆ ಮೇಲೆ. ಡೋರೀನ್ ಒಬ್ಬರೇ, ಬಿಗಿಯದ ಕವಚ ಜಾರದಂತೆ ಎರಡೂ ಕೈಯಲ್ಲಿ ಎದೆಗೆ ಒತ್ತಿಹಿಡಿದು, ಬೆನ್ನು ತಿರುಗಿಸಿ ಕಾಯುತ್ತಿದ್ದರು. ನನ್ನ ಬೆರಳು ಬಕಲ್‌ಗೆ ತಾಗಿ ತಾಗಿ ಜಾರಿತು.

"ಹಾಕ್ಕೊಂಡ್ಯಾ?" ಅಂದರು, ಅಷ್ಟೇ.

ಗ್ಲೌಸಿನ ಪಟ್ಟಿಯನ್ನು ಹಲ್ಲಿನಲ್ಲಿ ಎಳೆದೆ. ಡೋರೀನ್ ಹಾಕಿದ ಹೊಲಿಗೆ, ಬಿಡುತ್ತದೆಯೇ? ಎರಡನೇ ಕೂಗು. ಮೇಜಿನ ಕಾಲಿಗೆ ಸಿಕ್ಕಿಸಿ ಜಗ್ಗಿದೆ, ಬಲಗೈ ಗ್ಲೌಸ್ ಹರಿದು ಕೈ ಹೊರಬಂತು. ಮೊದಲ ಬಕಲ್ ಹಾಕುವಷ್ಟರಲ್ಲಿ ಮೂರನೇ ಕೂಗು.

"ಹೋಗ್ಬಿಡಿ ಡೋರ್, ಹಿಂಗೇ ಹೋಗ್ಬಿಡಿ!"

"ಪಟ್ಟಿ ಜೋತಾಡಿಸ್ಕೊಂಡು? ನಾನಾ?" ಅವರು ಕದಲಲಿಲ್ಲ. "ಪೂರ್ತಿ ಹಾಕು."

ಹಾಕಿದೆ, ಸಿಟ್ಟಿನಲ್ಲಿ, ಒಂದೊಂದನ್ನೂ ಜಗ್ಗಿ ಎಳೆದು. "ಡೋರೀನ್ ಎಲ್ಲೋ ನಿದ್ದೆ ಹೋಗಿರ್ಬೇಕು!" ಎಂದು ಮೈಕಿನವನು ಹೆಸರು ತೆಗೆದುಹಾಕಿದ. ಹೊರಗೆ ಜನ ಗೊಳ್ಳೆಂದು ನಕ್ಕರು.

ಬೆವರಿಳಿಸುತ್ತ ಒಳಬಂದ ಆರು ಜನ ಎಂದಿನಂತೆ ಕೈ ಚಾಚಿದರು. "ಡೋರ್, ಬೇಗ ಬಿಚ್ಚಿ, ಬೆಂದ್ಹೋಗ್ತಿದೀವಿ."

ಡೋರೀನ್ ಕಾರಿನ ಕೀ ಎತ್ತಿಕೊಂಡರು. "ಟೀಗನ್‌ಗೆ ಒಂದು ಕೈ ಇದೆ, ಬಿಚ್ತಾಳೆ." ಕವಚದಲ್ಲೇ, ಎದೆ ಸೆಟೆಸಿ, ಜನರ ನಡುವೆಯೇ ಹೊರಟುಹೋದರು. ನನ್ನ ಎಡಗೈ ಗ್ಲೌಸಿನ ಪಟ್ಟಿ ಎಳೆದಾಟದಲ್ಲಿ ಕಚ್ಚಿಕೊಂಡಿತ್ತು, ಬಿಚ್ಚಿಸಿಕೊಂಡವರು ಬಿಚ್ಚಿಸಿಕೊಂಡಂತೆ ಓಡುತ್ತಿದ್ದರು; ಒಂದೇ ಕೈಯಲ್ಲಿ ಆರು ಜನರದನ್ನು ಬಿಚ್ಚಲು ನನಗೆ ಎರಡು ಗಂಟೆ ಹಿಡಿಯಿತು.

ಸಂಜೆ ಅವರ ಮನೆಗೆ ಹೋದೆ. ಇನ್ನೂ ಕವಚದಲ್ಲೇ ಇದ್ದರು, ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ಪಕ್ಕದ ಮನೆಯವರನ್ನು ಕರೆದಿದ್ದರೆ ಬಿಚ್ಚಿಕೊಡುತ್ತಿದ್ದರು. ಕರೆದಿರಲಿಲ್ಲ.

"ಗೇಟ್ ಹಾಕು, ಕೋಳಿ ಆಚೆ ಹೋಗ್ತವೆ," ಎಂದು ನನ್ನ ಕಡೆ ಬೆನ್ನು ತಿರುಗಿಸಿದರು.

ಮೊದಲ ಬಕಲ್‌ಗೆ ಕೈ ಹಾಕಿದೆ. ಪಟ್ಟಿಯ ಕೆಳಗೆ ನನ್ನ ಒಂದು ಬೆರಳೂ ತೂರಲಿಲ್ಲ.