ಜೂನ್ ಒಂದರ ಮಾಸ್ತರರು

ನಮ್ಮ ಮಾಸ್ತರರ ಎಡಗೈ ಮುಷ್ಟಿಯಲ್ಲಿ ಮೂರೇ ಗೆಣ್ಣುಗಳು ಎದ್ದು ಕಾಣುತ್ತಿದ್ದವು. ಕಿರುಬೆರಳಿನ ಗೆಣ್ಣು ಎಂದೋ ಸೈಕಲ್ಲಿನಿಂದ ಬಿದ್ದಾಗ ಮುರಿದು ಒಳಕ್ಕೆ ಕುಸಿದು, ಅಲ್ಲಿ ಕಡಲೆಕಾಳು ಕೂರುವಷ್ಟು ತಗ್ಗು ಉಳಿದಿತ್ತು. ಗೆಣ್ಣುಗಳ ಮೇಲೆ ತಿಂಗಳುಗಳನ್ನು ಎಣಿಸುವ ಕ್ರಮವನ್ನು ಅವರು ನಮಗೆ ಒಂದನೆಯ ತರಗತಿಯಲ್ಲಿಯೇ ಕಲಿಸಿದ್ದರು. ಉಬ್ಬಿಗೆ ಮೂವತ್ತೊಂದು ದಿನ, ತಗ್ಗಿಗೆ ಮೂವತ್ತು, ಫೆಬ್ರವರಿಯೊಂದು ಮಾತ್ರ ಅಪವಾದ. ತೋರುಬೆರಳಿನಿಂದ ಜನವರಿ ಎಂದು ಹೊರಟು ಕಿರುಬೆರಳಿಗೆ ಬಂದಾಗ ಅವರು ನಿಲ್ಲುತ್ತಿದ್ದರು. “ನನ್ನ ಕೈಯಾಗ ಜುಲೈ ತಗ್ಗಿನ್ಯಾಗ ಬಿದ್ದೈತಿ. ನನ್ನ ಕೈ ನೋಡಿ ಕಲೀಬ್ಯಾಡ್ರಿ,” ಎಂದು ನಕ್ಕು, ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕವನಾಗಿ ಕುಳಿತಿರುತ್ತಿದ್ದ ನನ್ನನ್ನು ಕರೆಯುತ್ತಿದ್ದರು. “ಬಾರಲೇ, ನಿನ್ನ ಮುಷ್ಟಿ ಕೊಡು.” ವರ್ಷದ ಹನ್ನೆರಡು ತಿಂಗಳುಗಳನ್ನೂ ಅವರು ನನ್ನ ಕೈಯ ಮೇಲೆ ಮುಟ್ಟಿ ಮುಟ್ಟಿ ಇಡೀ ತರಗತಿಗೆ ತೋರಿಸುತ್ತಿದ್ದರು.

ಗಲಗಲಿಯ ಸಮೀಪದ ನಮ್ಮ ಹಳ್ಳಿಯಲ್ಲಿ ಶಾಲೆಗೆ ಇದ್ದದ್ದು ಎರಡು ಕೋಣೆ. ಮಾಸ್ತರರು ವಾರವೆಲ್ಲ ಊರಿನಲ್ಲಿಯೇ ಇದ್ದು, ಶನಿವಾರ ಮಧ್ಯಾಹ್ನ ಜಮಖಂಡಿಯ ತಮ್ಮ ಮನೆಗೆ ಹೋಗಿ ಸೋಮವಾರ ಮರಳುತ್ತಿದ್ದರು. ಪ್ರಾರ್ಥನೆಗೆ ಮೊದಲೇ ಹಲಗೆಯ ಬಲತುದಿಯಲ್ಲಿ ಚೌಕವೊಂದನ್ನು ಎಳೆದು, ಅದರೊಳಗೆ ‘ದಿನವಿಶೇಷ’ ಎಂದು ಬರೆದು, ಕೆಳಗೆ ಮೂರು ಸಾಲು ತುಂಬುತ್ತಿದ್ದರು: ಘಟನೆ, ಜನನ, ಆಚರಣೆ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟದ್ದನ್ನು ನಾನು ಆ ಚೌಕದಲ್ಲಿ ಓದಿದೆ. ಮೈಸೂರು ರಾಜ್ಯವು ಕರ್ನಾಟಕವಾದ ದಿನ ಅವರು ಹಳೆಯ ಹೆಸರನ್ನು ಬರೆದು, ಅದನ್ನು ನಮ್ಮ ಕೈಯಿಂದಲೇ ಅಳಿಸಿ, ಹೊಸ ಹೆಸರನ್ನು ನಮ್ಮಿಂದಲೇ ಬರೆಯಿಸಿದರು.

ಈ ಮೂರು ಸಾಲುಗಳಿಗಾಗಿ ಅವರು ಪತ್ರಿಕೆಗಳನ್ನು ಕತ್ತರಿಸುತ್ತಿದ್ದರು, ರೇಡಿಯೋ ಕೇಳುತ್ತಿದ್ದರು, ಹಳೆಯ ಪಂಚಾಂಗಗಳನ್ನು ಕೂಡಿಟ್ಟಿದ್ದರು. ಎಲ್ಲವನ್ನೂ ಒಂದು ದಪ್ಪ ವಹಿಯಲ್ಲಿ ಇಳಿಸುತ್ತಿದ್ದರು. ವಹಿಯಲ್ಲಿ ದಿನಕ್ಕೊಂದು ಪುಟ, ಒಟ್ಟು ಮುನ್ನೂರ ಅರವತ್ತಾರು. ಫೆಬ್ರವರಿ ಇಪ್ಪತ್ತೊಂಬತ್ತಕ್ಕೂ ಅವರು ಅನ್ಯಾಯ ಮಾಡಿರಲಿಲ್ಲ. ಕೆಲವು ದಿನ ಅವರಿಗೆ ಏನೂ ಸಿಗುತ್ತಿರಲಿಲ್ಲ. ಆಗ ಚೌಕವನ್ನು ಖಾಲಿ ಬಿಡುತ್ತಿರಲಿಲ್ಲ, ಏನನ್ನಾದರೂ ಹೊಂದಿಸಿಯೂ ಬರೆಯುತ್ತಿರಲಿಲ್ಲ. ‘ಇಂದಿನದು ನನಗೆ ತಿಳಿಯದು’ ಎಂದು ದುಂಡಾದ ಅಕ್ಷರಗಳಲ್ಲಿ ಬರೆದು ಪೂರ್ಣವಿರಾಮ ಇಡುತ್ತಿದ್ದರು. ಶಾಲೆಯ ತಪಾಸಣೆಗೆ ಬಂದ ಸಾಹೇಬರೊಬ್ಬರು ಅದನ್ನು ನೋಡಿ, “ಏನರೆ ಬರೀರಿ ಮಾಸ್ತರ, ಹುಡುಗೂರು ಯಾರು ತಪಾಸ ಮಾಡ್ತಾರ?” ಎಂದಾಗ ಅವರು, “ಅವರು ಮಾಡೂದಿಲ್ಲಂತನ ಬರಿಯಾಂಗಿಲ್ರಿ,” ಎಂದಿದ್ದರು. ಈ ಮಾತನ್ನು ನಾನು ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದೆ.

ಭಾಷೆಯ ಶಿಸ್ತನ್ನೂ ನಾನು ಕಲಿತದ್ದು ಅವರಿಂದಲೇ. ಬದುಕಿರುವವರಿಗೆ ಹುಟ್ಟುಹಬ್ಬ, ಗತಿಸಿದವರಿಗೆ ಜಯಂತಿ; ಇವೆರಡನ್ನು ಕಲಸಿದವನಿಗೆ ಹತ್ತು ಸಲ ಬರೆಯುವ ಶಿಕ್ಷೆ. ತಾರೀಖಿನ ಪ್ರಕಾರ ಆಚರಿಸುವುದನ್ನು ‘ಪುಣ್ಯತಿಥಿ’ ಎನ್ನುವುದು ತಪ್ಪು, ಏಕೆಂದರೆ ತಿಥಿ ಚಂದ್ರನದು, ತಾರೀಖು ಸೂರ್ಯನದು. ನಾನು ಬನಹಟ್ಟಿಯ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿ, ಆಮಂತ್ರಣ ಪತ್ರಿಕೆಗಳಲ್ಲಿಯೂ ಕೆಂಪು ಶಾಯಿಯಿಂದ ತಪ್ಪು ತಿದ್ದುವವನೆಂದು ಹೆಸರು ಕೆಡಿಸಿಕೊಂಡಿದ್ದರೆ ಅದರ ಬೀಜ ಆ ಚೌಕದಲ್ಲಿದೆ.

ಜೂನ್ ಒಂದರಂದು ಬೇಸಿಗೆಯ ರಜೆ ಮುಗಿದು ಶಾಲೆ ತೆರೆಯುತ್ತಿತ್ತು. ಆ ದಿನ ‘ಜನನ’ ಎಂಬ ಸಾಲಿನಲ್ಲಿ ಮಾಸ್ತರರು ‘ಈ ಶಾಲೆಯ ಬಹುಪಾಲು ಮಕ್ಕಳು’ ಎಂದು ಬರೆದು ಎಲ್ಲರಿಗೂ ಶೇಂಗಾ, ಬೆಲ್ಲ ಹಂಚುತ್ತಿದ್ದರು. ನಮ್ಮ ಸೀಮೆಯಲ್ಲಿ ತಂದೆತಾಯಿಗಳಿಗೆ ಮಗುವಿನ ಜನ್ಮದಿನಾಂಕ ತಿಳಿಯದಿದ್ದರೆ ದಾಖಲೆಯಲ್ಲಿ ಜೂನ್ ಒಂದು ಎಂದು ಬರೆಯುವುದು ರೂಢಿ. ಒಮ್ಮೆ ಹುಡುಗಿಯೊಬ್ಬಳು ಬೆಲ್ಲ ಕಚ್ಚುತ್ತ ಕೇಳಿದಳು:

“ಸರ, ನಾನೂ ನಮ್ಮಕ್ಕಾನೂ ಒಂದ ದಿನಾ ಹುಟ್ಟೇವೇನ್ರಿ?”

“ಹುಟ್ಟಿದ್ದು ಬ್ಯಾರೆ ಬ್ಯಾರೆ ದಿನಾನ ಬೇ. ಬರದದ್ದು ಒಂದ ದಿನಾ.”

ನಾವೆಲ್ಲ ನಕ್ಕೆವು. ನನ್ನ ಹೆಸರಿನ ಮುಂದೆಯೂ ಜೂನ್ ಒಂದೇ ಇತ್ತು.

ಆದರೆ ನನ್ನ ಅವ್ವನಿಗೆ ನನ್ನ ಜನ್ಮದಿನ ತಿಳಿಯದೆ ಇರಲಿಲ್ಲ. ನಮ್ಮದು ಬೀರೇಶ್ವರನ ಒಕ್ಕಲು, ಕುರಿ ಸಾಕುವ ಮನೆತನ. ಅಣ್ಣ ಹುಟ್ಟಿದ್ದು ಕಾರಹುಣ್ಣಿಮೆಗೆ, ನಾನು ಹುಟ್ಟಿದ್ದು ಸೀಗಿ ಹುಣ್ಣಿಮೆಗೆ, ಹೊಳೆ ಇಳಿದು ದಂಡೆಯ ಹೊಲ ಹದವಾಗಿದ್ದಾಗ ಎಂದು ಅವಳು ಹೇಳುತ್ತಿದ್ದಳು. ಪ್ರತಿ ಸೀಗಿ ಹುಣ್ಣಿಮೆಗೆ ಎಲ್ಲರ ತಾಟಿಗೆ ಎರಡೆರಡು ಹೂರಣದ ಕಡುಬು ಬಿದ್ದರೆ ನನ್ನ ತಾಟಿಗೆ ಮೂರು ಬೀಳುತ್ತಿದ್ದವು. “ಇದು ನೀ ಹುಟ್ಟಿದ್ದಕ್ಕ,” ಎನ್ನುತ್ತಿದ್ದಳು. ನನ್ನನ್ನು ಶಾಲೆಗೆ ಸೇರಿಸಿದ ಕಥೆಯನ್ನೂ ಅವಳೇ ಹೇಳಿದ್ದಳು. ಎರಡನೆಯ ಶಿಕ್ಷಕರ ಹುದ್ದೆ ಉಳಿಯಲು ಪಟ್ಟಿಯಲ್ಲಿ ಒಂದು ಮಗು ಕಡಿಮೆ ಬಿದ್ದಿತ್ತಂತೆ. ಮಾಸ್ತರರು ತಾವಾಗಿಯೇ ಕುರಿದೊಡ್ಡಿಯವರೆಗೆ ಬಂದು ನನ್ನನ್ನು ಕೇಳಿದರು. ಹುಟ್ಟಿದ್ದು ಯಾವಾಗ ಎಂದಾಗ ಅವ್ವ ಹುಣ್ಣಿಮೆಯನ್ನೂ ವರ್ಷದ ಗುರುತನ್ನೂ ಹೇಳಿದಳು; ಅವರು ಚೀಟಿಯಲ್ಲಿ ಬರೆದುಕೊಂಡರು. ಹಾಗೆ ಹೋದವನು ನಾನು. ಏಳು ತುಂಬುವಷ್ಟರಲ್ಲಿ ಅಣ್ಣ ಹಿಂಡಿನ ಹಿಂದೆ ಹೊರಟಿದ್ದ. ಮಾಸ್ತರರು ಬಾರದಿದ್ದರೆ ನನ್ನ ದಾರಿಯೂ ಅದೇ ಆಗಿತ್ತು.

ನೌಕರಿ ಸೇರಿದ ಮೇಲೆ ನನಗೆ ಈ ತಾರೀಖಿನ ಸಂಗತಿ ಮುಖ್ಯವಾಯಿತು. ದಾಖಲೆಯ ಪ್ರಕಾರ ನಾನು ನಿಜಕ್ಕಿಂತ ಒಂದು ವರ್ಷಕ್ಕೂ ಮಿಕ್ಕಿ ಹಿರಿಯನಾಗಿದ್ದೆ. ಅಷ್ಟು ಮೊದಲೇ ನಿವೃತ್ತನಾಗಬೇಕಿತ್ತು. ತಿದ್ದುಪಡಿ ಕೇಳಲು ಸೇವೆಯ ಆರಂಭದ ಕೆಲವು ವರ್ಷಗಳಲ್ಲಿ ಮಾತ್ರ ಅವಕಾಶ. ಅದಕ್ಕೆ, ನನ್ನ ಹೆಸರು ದಾಖಲಿಸಿದ ಶಿಕ್ಷಕರ ಒಂದು ಪತ್ರ ಬೇಕು. ಮಾಸ್ತರರು ಇನ್ನೆರಡು ವರ್ಷಗಳಲ್ಲಿ ನಿವೃತ್ತರಾಗುವವರಿದ್ದರು. ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಅವರ ಜಮಖಂಡಿಯ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಕತ್ತರಿಸುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ಕತ್ತರಿಯನ್ನು ಮಡಿಚಿ ಪಕ್ಕಕ್ಕಿಟ್ಟರು.

“ನಿಮ್ಮವ್ವ ಏನ ಹೇಳಿದ್ಲು, ನನಗ ನೆನಪಿಲ್ಲಪಾ.”

“ಹಂಗ್ಯಾಕ ಅಂತೀರಿ ಮಾಸ್ತರ?” ಅವ್ವ ಮೆಟ್ಟಿಲ ಮೇಲಿನಿಂದಲೇ ಅಂದಳು. “ನೀವ ದೊಡ್ಡಿ ತನಕಾ ಬಂದಿದ್ರಿ. ಸೀಗಿ ಹುಣ್ಣಿವಿ ಅಂದ್ನಿ. ಚೀಟ್ಯಾಗ ಬರಕೊಂಡ್ರಿ.”

“ನಿನಗ ಮಕ್ಕಳ ಹುಣ್ಣಿವಿ ಅದಲಬದಲ ಆಗ್ಯಾವ ಬೇ. ಸೀಗಿ ಹುಣ್ಣಿವಿಗೆ ಹುಟ್ಟಿದಾಂವ ಹಿರ್ಯಾ ಇರಬೇಕು. ಇಂವಾ ಕಾರಹುಣ್ಣಿವಿಗೆ, ಜೂನಿನ್ಯಾಗ.”

“ಹಡದಾಕಿ ನಾನ್ರಿ.”

“ಹಡದಾಕಿ ನೀ, ಖರೆ. ತಾರೀಖ ಇಟ್ಟಾಂವ ನಾ.”

ಒಳಗಿನಿಂದ ಚಹಾ ಬಂತು. ಅವ್ವ ಕುಡಿಯಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ತನಗೆ ತಿಳಿಯದ್ದನ್ನು ತಿಳಿಯದೆಂದು ಹಲಗೆಯ ಮೇಲೆ ಬರೆಯುತ್ತಿದ್ದ ಮನುಷ್ಯ ‘ನೆನಪಿಲ್ಲ’ ಎಂದರೆ ಅದು ಸುಳ್ಳಾಗಿರಲು ಸಾಧ್ಯವೆಂದು ನನಗೆ ತೋರಲೇ ಇಲ್ಲ. ಮರಳುವ ಬಸ್ಸಿನಲ್ಲಿ ಅವ್ವನಿಗೆ ನಾನೇ ಹೇಳಿದೆ: “ನೀನ ಮರತಿರಬೇಕು ಯವ್ವಾ. ಮಾಸ್ತರರು ಯಾಕ ಸುಳ್ಳ ಹೇಳ್ಯಾರು?” ಅವಳು ಕಿಟಕಿಯಾಚೆಯ ಕಬ್ಬಿನ ಹೊಲಗಳತ್ತ ಮುಖ ತಿರುಗಿಸಿದಳು. “ಇರಬೇಕಪಾ,” ಎಂದಳು. ಆ ವರ್ಷದ ಸೀಗಿ ಹುಣ್ಣಿಮೆಗೆ ನನ್ನ ತಾಟಿಗೂ ಎರಡೇ ಕಡುಬು ಬಿದ್ದವು. ನಾನು ಏಕೆಂದು ಕೇಳಲಿಲ್ಲ. ಅಲ್ಲಿಂದಾಚೆಗೆ ಅವ್ವ ಯಾವ ಹಳೆಯ ಸಂಗತಿ ಹೇಳಿದರೂ ಕೊನೆಗೆ, “ನನಗ ಮರವು, ನನ್ನ ಮಾತ ಹಿಡೀಬ್ಯಾಡ್ರಿ,” ಎಂದು ಸೇರಿಸತೊಡಗಿದಳು.

ಮೂವತ್ತಮೂರು ವರ್ಷ ಕಳೆದವು. ಪ್ರತಿ ಶಿಕ್ಷಕರ ದಿನಾಚರಣೆಗೆ ನಾನು ತಪ್ಪದೆ ಅವರ ಮನೆಗೆ ಹೋಗಿ ಕಾಲು ಮುಟ್ಟಿ ಬಂದೆ. ಪ್ರತಿ ಸಲವೂ ಅವರು ನನ್ನ ಕುಶಲ ಕೇಳಿದರು; ಅವ್ವನ ಕುಶಲ ಎಂದೂ ಕೇಳಲಿಲ್ಲ. ಕಳೆದ ಮೇ ಮೂವತ್ತೊಂದರಂದು ನಾನು ನಿವೃತ್ತನಾದೆ. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಆ ದಿನ ಸುತ್ತಲಿನ ಶಾಲೆಗಳಲ್ಲೆಲ್ಲ ಬೀಳ್ಕೊಡುಗೆ ಸಮಾರಂಭಗಳೇ. ಬನಹಟ್ಟಿಯ ಹೂವಿನ ಅಂಗಡಿಯವನು ಹಾರಗಳು ತೀರಿಹೋಗಿ ಬೇಸತ್ತು, “ಏನ್ರಿ ಸರ, ನೀವು ಮಾಸ್ತರ ಮಂದಿ ಎಲ್ಲಾರೂ ಕೂಡಿ ಒಂದ ದಿನ ಮುದುಕರಾಗ್ತೀರಿ?” ಎಂದ. ನನಗೆ ನಗು ಬಂತು. ಹತ್ತನೆಯ ತರಗತಿಗೆ ಸಂಧಿ, ಸಮಾಸ ಕಲಿಸುವ ಇನ್ನೊಂದು ವರ್ಷ ನನಗೆ ಉಳಿದಿತ್ತೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಅದಾದ ಎರಡು ತಿಂಗಳಿಗೆ ಮಾಸ್ತರರು ತೀರಿಕೊಂಡರು. ವಯಸ್ಸು ತೊಂಬತ್ತರ ಸಮೀಪ. ಮಣ್ಣಿಗೆ ಹೋಗಿದ್ದಾಗ ಅವರ ಮಗಳು, ಆಕೆಯೂ ಈಗ ಮೊಮ್ಮಕ್ಕಳನ್ನು ಕಂಡವರು, ಬಟ್ಟೆಯಲ್ಲಿ ಸುತ್ತಿದ ಆ ದಪ್ಪ ವಹಿಯನ್ನು ನನ್ನ ಕೈಗಿತ್ತರು.

“ನಿಮಗ ಕೊಡಂತ ಅಪ್ಪಾರು ಹೋದ ವರ್ಷನ ಹೇಳಿದ್ರು. ನಾ ಇರೂತನಕಾ ಬ್ಯಾಡ ಅಂದಿದ್ರು.”

ಮನೆಗೆ ಬಂದು ನಾನು ಜನವರಿಯಿಂದ ಕ್ರಮವಾಗಿ ಓದುತ್ತ ಹೋದೆ. ನಾಲ್ಕನೆಯ ದಿನ ಅಕ್ಟೋಬರ್ ಹದಿನೆಂಟಕ್ಕೆ ಬಂದೆ. ‘ಜನನ’ ಎಂಬಲ್ಲಿ, ಬಣ್ಣಗೆಟ್ಟ ನೀಲಿ ಶಾಯಿಯಲ್ಲಿ ನನ್ನ ಪೂರ್ಣ ಹೆಸರು, ನನ್ನ ನಿಜವಾದ ವರ್ಷ. ಪಕ್ಕದಲ್ಲಿ: ‘ಸೀಗಿ ಹುಣ್ಣಿಮೆ. ತಾಯಿ ಹೇಳಿದಂತೆ. ಪಂಚಾಂಗದೊಂದಿಗೆ ತಾಳೆ ನೋಡಿದೆ.’ ದಾಖಲೆಗೂ ಇದಕ್ಕೂ ಇದ್ದ ಅಂತರ ಹದಿನಾರು ತಿಂಗಳು ಹದಿನೇಳು ದಿನ. ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ನಾವು ಅವರ ಮನೆಗೆ ಹೋಗಿದ್ದ ಆ ಭಾನುವಾರದ ತಾರೀಖು ಹಾಕಿ ಎರಡು ವಾಕ್ಯ: ‘ಇಂದು ತಾಯಿ, ಮಗ ಬಂದಿದ್ದರು. ತಾಯಿ ಹೇಳಿದ್ದು ಸರಿ.’

ನಾಲ್ಕು ವರ್ಷ ಏಳು ತಿಂಗಳ ಮಗುವನ್ನು ಆರು ತುಂಬಿದವನೆಂದು ಬರೆದ ಸುಳ್ಳನ್ನು ನಾನು ಅವರಿಗೆ ಬಿಟ್ಟುಕೊಡಬಲ್ಲೆ. ಆ ಸುಳ್ಳಿನಿಂದ ಶಾಲೆಯ ಎರಡನೆಯ ಹುದ್ದೆ ಉಳಿಯಿತು. ಆ ಸುಳ್ಳಿನಿಂದಲೇ ನಾನು ಅಕ್ಷರ ಕಲಿತು ಇದನ್ನು ಬರೆಯುತ್ತಿದ್ದೇನೆ. ನಿವೃತ್ತಿಯ ಹೊಸ್ತಿಲಲ್ಲಿ ಅದು ಬಯಲಾದೀತೆಂದು ಅವರು ಅಂಜಿದ್ದನ್ನೂ ಊಹಿಸಬಲ್ಲೆ. ಪತ್ರ ಕೊಡಲಾಗದು ಎಂದಷ್ಟೇ ಹೇಳಿದ್ದರೆ ನಾನು ಎರಡನೆಯ ಮಾತು ಆಡುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ತಮ್ಮನ್ನು ಉಳಿಸಿಕೊಳ್ಳಲು ಓದು ಬಾರದ ಹೆಂಗಸಿನ ನೆನಪನ್ನು ಅವಳ ಮಗನ ಎದುರಿನಲ್ಲಿಯೇ ಸುಳ್ಳಾಗಿಸಿದರು. ನಾನು ನಂಬುತ್ತೇನೆಂಬುದು ಅವರಿಗೆ ಗೊತ್ತಿತ್ತು. ನನ್ನನ್ನು ಹಾಗೆ ನಂಬುವವನನ್ನಾಗಿ ಬೆಳೆಸಿದವರು ಅವರೇ ಅಲ್ಲವೇ?

ಅವ್ವನಿಗೆ ಈಗ ಕಿವಿ ಮಂದ. ಪಕ್ಕದ ಮನೆಯ ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಮರುದಿನ ಕರೆಂಟು ಹೋಗಿ ಮಗ್ಗಗಳು ನಿಂತಾಗ ಅವಳ ಪಕ್ಕದಲ್ಲಿ ಕುಳಿತು ಓದಿದೆ. ಎರಡು ಸಲ ಓದಿದೆ.

“ಯಾರು ಹೇಳಿದ್ದು ಸರಿ?”

“ನೀ ಹೇಳಿದ್ದು ಯವ್ವಾ.”

“ಅದನ್ನ ಯಾವಾಗ ಬರದಾರ?”

“ನಾವು ಹೋಗಿದ್ವಲ್ಲಾ, ಅವತ್ತ.”

ಅವಳು ವಹಿಯನ್ನು ತೊಡೆಯ ಮೇಲೆ ಎಳೆದುಕೊಂಡು ತಾನು ಓದಲಾರದ ಪುಟದ ಮೇಲೆ ಕೈಯಾಡಿಸಿದಳು. “ನನಗ ಹೇಳೂದು ಬಿಟ್ಟು ವಹಿಗೆ ಹೇಳ್ಯಾರ,” ಎಂದಳು. ವಹಿಯನ್ನು ಮುಚ್ಚಿ, “ನಾಳೆ ನನ್ನ ಜಮಖಂಡಿಗೆ ಕರಕೊಂಡ ನಡಿ,” ಎಂದಳು.

“ಯಾಕ? ಮಾಸ್ತರರು ಹೋದ್ರಲ್ಲಾ.”

“ನೀ ಓದಿದ್ರ ಆಗೂದಿಲ್ಲೋ. ನೀ ನನ್ನ ಮಗಾ. ಅವರ ಮನ್ಯಾಗಿನವರು ಓದಬೇಕು.”

ಹೋದೆವು. ಮಾಸ್ತರರ ಮಗಳು ಒಳಗೆ ಕರೆದರೂ ಅವ್ವ ಹೋಗದೆ ಕಟ್ಟೆಯ ಮೇಲೆಯೇ ಕುಳಿತಳು. ಈ ಸಲ ಮೆಟ್ಟಿಲ ಮೇಲೆ ಅಲ್ಲ. ವಹಿಯನ್ನು ಬಿಚ್ಚಿ ಆಕೆಯ ಮುಂದೆ ಹಿಡಿಸಿದಳು. “ನಿಮ್ಮಪ್ಪಾರು ಬರದದ್ದು ಐತಿ. ಒಂದೀಟ ಓದ ತಂಗಿ, ಜೋರಾಗಿ.”

ಆಕೆಗೆ ಏನೂ ಗೊತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಸಹಜವಾಗಿಯೇ ಆರಂಭಿಸಿದವರು ಕೊನೆಯ ವಾಕ್ಯಕ್ಕೆ ಬಂದಾಗ ನಮ್ಮಿಬ್ಬರನ್ನೂ ನೋಡಿದರು, ಆಮೇಲೆ ತಲೆ ತಗ್ಗಿಸಿ ಓದಿದರು: “ತಾಯಿ ಹೇಳಿದ್ದು ಸರಿ.”

“ಆತು,” ಎಂದಳು ಅವ್ವ. ಚಹಾ ತರಿಸಿಕೊಂಡು ಕುಡಿದಳು. ಆಕೆಯ ಮೊಮ್ಮಕ್ಕಳ ಹೆಸರು ಕೇಳಿದಳು, ನಕ್ಕಳು, ಒಳಗೆ ಹೋಗಿ ಮಾಸ್ತರರ ಪಟಕ್ಕೆ ಕೈ ಮುಗಿದು ಬಂದಳು.

ನಾನು ಕೈ ಮುಗಿಯಲಿಲ್ಲ. ಅಕ್ಷರ ಕಲಿಸಿದವರು ಅವರು. ಆ ಋಣ ತೀರುವಂಥದ್ದಲ್ಲ. ಅವ್ವನಿಗೆ ಆ ಕಟ್ಟೆಯ ಮೇಲೆಯೇ ಎಲ್ಲವೂ ಆಗಿಹೋಯಿತು. ನನಗೆ ಇನ್ನೂ ಆಗಿಲ್ಲ.