ಹಳೇ ಹತ್ತಿಯ ಗಾದಿ

ಕೆ.ಬಿ. ಬಡಾವಣೆಯ ಹಾಸಿಗೆ ಅಂಗಡಿಯ ಮುಂದೆ ಹಾಯುವಾಗ ಹೊಸ ಹತ್ತಿಯ ವಾಸನೆ ಬಂದರೆ ಈಗಲೂ ನನ್ನ ಕಾಲು ನಿಧಾನವಾಗುತ್ತದೆ. ಒಂದಿಷ್ಟು ಬಿಸಿಲು, ಒಂದಿಷ್ಟು ಬೀಜದ ಎಣ್ಣೆ ಸೇರಿದ ಆ ವಾಸನೆ ನಮ್ಮ ಮನೆಯದು. ನಿಮ್ಮ ಮನೆಗೂ ಇಂಥದೊಂದು ಇದ್ದೀತು. ದಾವಣಗೆರೆಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಅಜ್ಜ ಹಿಂಜುತ್ತಿದ್ದ, ಅಜ್ಜಿ ಹೊಲಿಯುತ್ತಿದ್ದಳು, ಊಟದ ಅನ್ನದಲ್ಲೂ ಒಂದೆರಡು ಎಳೆ ಸಿಗುತ್ತಿದ್ದವು. ಆ ಮನೆ ಈಗಿಲ್ಲ, ಅಲ್ಲೊಂದು ಮೊಬೈಲ್ ಅಂಗಡಿ ಇದೆ.

ಅಜ್ಜಿ ಹಜ್‌ಗೆ ಹೊರಟಾಗ ನನಗೆ ಹತ್ತು ವರ್ಷ. ಹೊರಡುವ ಮುಂಚೆ ಬಳಗದವರ, ನೆರೆಹೊರೆಯವರ ಮನೆಗೆ ಹೋಗಿ ಮಾಫಿ ಕೇಳುವುದು ನಮ್ಮಲ್ಲಿ ಪದ್ಧತಿ. "ಹೇಳಿದ್ದು ಕೇಳಿದ್ದು ಮಾಫ್ ಮಾಡ್ರಿ" ಎಂದು ಅಜ್ಜಿ ಓಣಿ ತುಂಬ ಕೇಳಿಕೊಂಡು ಬಂದಳು. ಎದುರು ಮನೆಯ ಗೌರಮ್ಮ, "ನಮ್ದೂ ಏನಾರ ಇದ್ರೆ ಹೊಟ್ಟಿಗೆ ಹಾಕ್ಕೊಳ್ರಿ ಯವ್ವಾ" ಎಂದು ಕಣ್ಣೊರೆಸಿಕೊಂಡಳು. ಕ್ಷಮೆ ಎಂಬ ಪದ ಓಣಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಅದು ಶಾಲೆಯ ಪುಸ್ತಕದ್ದು. ಅದಕ್ಕೆ ವಿರುದ್ಧ ಪದ ಬರೆಯಿರಿ ಎಂದಾಗ ನಾನು 'ಸಿಟ್ಟು' ಎಂದು ಬರೆದಿದ್ದೆ.

ಕೊನೆಗೆ ಉಳಿದದ್ದು ಹರಿಹರದಲ್ಲಿದ್ದ ಅಜ್ಜಿಯ ತಂಗಿ, ನಮ್ಮ ಸಣ್ಣಜ್ಜಿ. ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಸಣ್ಣಜ್ಜಿಯ ಮಗಳು ಸಕೀನತ್ತೆಯ ಮದುವೆಗೆ ಗಾದಿ ಕೊಟ್ಟವಳು ಅಜ್ಜಿ. ಹೊಸ ಹತ್ತಿ ಸಾಲದೆ, ಹಳೆಯದನ್ನೇ ಮತ್ತೆ ಹಿಂಜಿಸಿ ಒಳಗೆ ತುಂಬಿಬಿಟ್ಟಿದ್ದಳು. ನಾಲ್ಕೇ ತಿಂಗಳಿಗೆ ಅದು ಗಂಟುಗಂಟಾಯಿತು. ಗಾದಿ ಮಾಡುವವರ ಮನೆಯ ಹೆಣ್ಣು ಹಳೇ ಗಾದಿ ತಂದಳೆಂದು ಗಂಡನ ಮನೆಯವರು ಆಡಿಕೊಂಡರು. ಅಜ್ಜಿ ಮಾತ್ರ ಹೊಸ ಹತ್ತಿಯೇ ಎಂದು ಸಾಧಿಸಿದ್ದಳು. ಮಾಫಿ ಕೇಳಲು ಅಜ್ಜಿ ನನ್ನನ್ನೂ ಕರೆದುಕೊಂಡು ಹೋದಾಗ ಸಣ್ಣಜ್ಜಿ ಚಾಪೆ ಹಾಸಿ, ಚಹಾ ಕೊಟ್ಟು, ಗೋಡೆ ನೋಡುತ್ತಾ "ಮಾಫ್ ಮಾಡೀನಿ, ಹೋಗಿ ಬರ್ರಿ" ಎಂದಳು. ಅಷ್ಟು ತಣ್ಣಗಿನ ಮಾತನ್ನು ನಾನು ಕೇಳಿರಲಿಲ್ಲ. ಬಸ್ ನಿಲ್ದಾಣದವರೆಗೆ ಬಂದ ಅಜ್ಜಿ ಬಸ್ ಹತ್ತಲಿಲ್ಲ. "ಇದನ್ನ ಹೊತ್ಕೊಂಡು ಹಜ್‌ಗೆ ಹೆಂಗೆ ಹೋಗ್ಲಿ?" ಎಂದು ನನ್ನ ಕೈ ಹಿಡಿದು ತಿರುಗಿ ನಡೆದಳು. ತಂಗಿಯ ಬಾಗಿಲಲ್ಲೇ ನಿಂತು, "ಹಳೇ ಹತ್ತಿನೇ ತುಂಬಿದ್ದೆ ಕಣೆ. ಸುಳ್ಳು ಹೇಳಿದ್ದೆ" ಎಂದಳು. ಆಗ ಸಣ್ಣಜ್ಜಿ ಬೈಯತೊಡಗಿದಳು ನೋಡಿ! "ನಿನ್ ಬಾಯಿಗೆ ಮಣ್ಣು ಹಾಕ, ಇಷ್ಟು ಹೇಳಾಕೆ ಆರು ವರ್ಷ ಬೇಕಾತೇನೆ?" ಬೈಯುತ್ತಲೇ ರೊಟ್ಟಿ ತಟ್ಟಿದಳು, ಬೈಯುತ್ತಲೇ ಬಡಿಸಿದಳು. ಅಜ್ಜಿ ಅಳುತ್ತಾ ತಿಂದಳು. ಶಾಲೆಯಲ್ಲಿ ನಾನು ಬರೆದ ಉತ್ತರ ತಪ್ಪಾಗಿತ್ತು. ಅಷ್ಟು ಸಿಟ್ಟಿನಲ್ಲೂ ಸಣ್ಣಜ್ಜಿ ಅಕ್ಕನ ತಟ್ಟೆ ಖಾಲಿಯಾಗಲು ಬಿಡಲಿಲ್ಲ.

ಇಬ್ಬರೂ ಮಣ್ಣು ಸೇರಿ ಎಷ್ಟೋ ವರ್ಷವಾಯಿತು. ಮೊನ್ನೆ ಸಕೀನತ್ತೆಯ ಮನೆಗೆ ಹೋದಾಗ ಈ ಕಥೆಯನ್ನು ನಗುನಗುತ್ತಾ ಹೇಳಿದೆ. ಅತ್ತೆ ನಗಲಿಲ್ಲ. "ಅಕ್ಕ ತಂಗಿ ಒಂದಾದ್ರು, ಚಲೋ ಆತು. ಆ ಗಾದಿ ಮ್ಯಾಲೆ ಮಲಗಿ ಮಾತು ಕೇಳಿದಾಕಿ ನಾನು. ನನ್ನ ಯಾರೂ ಬಂದು ಮಾಫಿ ಕೇಳ್ಲಿಲ್ಲ" ಎಂದಳು. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನನಗೂ ಅದು ಹೊಳೆದಿರಲಿಲ್ಲ. ಅಜ್ಜಿಯ ಪರವಾಗಿ ನಾನು ಕೇಳುತ್ತೇನೆ ಎಂದು ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನೀನ್ಯಾಕ ಕೇಳ್ತಿ? ನೀನಾಗ ಸಣ್ಣಾಕಿ," ಎಂದಳು. "ನಮ್ಮ ದೊಡ್ಡಮ್ಮನೇ ಬರಬೇಕಿತ್ತು."