ಬ್ರೇಕ್ ಮೇಷ್ಟ್ರ ಮೂರು ರೆಕ್ಕೆ

ಈ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಕಲಿತದ್ದು ಬ್ರೇಕ್ ಮೇಷ್ಟ್ರ ಕೈಕೆಳಗೆ. ಸರಿಯಾಗಿ ಹೇಳಬೇಕೆಂದರೆ, ಅವರ ಕಾಲಕೆಳಗೆ. ಡ್ರೈವಿಂಗ್ ಸ್ಕೂಲಿನ ಹಳೆಯ ಕಾರಿನಲ್ಲಿ ಎಡ ಸೀಟಿನ ಮುಂದೆಯೂ ಒಂದು ಬ್ರೇಕ್ ಇತ್ತು. ಕಲಿಯುವವರು ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರೆ ಮೇಷ್ಟ್ರು ಪಕ್ಕದಲ್ಲಿ ತೂಕಡಿಸುವವರಂತೆ ಕೂತಿರುತ್ತಿದ್ದರು. ಬಲಗಾಲು ಮಾತ್ರ, ತೊಟ್ಟಿಲಿನ ಹಗ್ಗ ಹಿಡಿದ ಅಜ್ಜಿಯ ಕೈಯಂತೆ, ನಿದ್ದೆಯಲ್ಲೂ ಎಚ್ಚರವಾಗಿರುತ್ತಿತ್ತು. ನಾಯಿ ಅಡ್ಡ ಬಂದರೆ ಕಾರು ತಾನಾಗಿ ನಿಲ್ಲುತ್ತಿತ್ತು.

"ನಿಲ್ಸಿದ್ಯಾರು?" ಎಂದು ಮೇಷ್ಟ್ರು ಕೇಳುತ್ತಿದ್ದರು.

"ನಾನೇ ಮೇಷ್ಟ್ರೇ!"

"ಹೌದೌದು, ನೀನೇ."

ಬೆಳಿಗ್ಗೆ, ಕಲಿತು ಮುಗಿಯುತ್ತ ಬಂದವರೊಬ್ಬರು ಸ್ಕೂಲಿನಿಂದ ಕಾರು ತಂದು ಅವರ ಮನೆ ಮುಂದೆ ಹಾರ್ನ್ ಹೊಡೆಯುತ್ತಿದ್ದರು. ಕೂಡಲೇ ಮೇಷ್ಟ್ರು ಎಡಗಡೆ ಹತ್ತಿ ಕೂರುತ್ತಿದ್ದರು. ಇಡೀ ದಿನ ಒಬ್ಬರು ಇಳಿದು ಇನ್ನೊಬ್ಬರು ಹತ್ತಿ, ಸಂಜೆ ಕೊನೆಯವರು ಅವರನ್ನು ಮನೆಗೆ ಬಿಟ್ಟುಹೋಗುತ್ತಿದ್ದರು. ಹೀಗೆ ವರ್ಷಗಳೇ ಉರುಳಿದವು. ಊರಿನಲ್ಲಿ ಅವರಷ್ಟು ಹೊತ್ತು ಕಾರಿನಲ್ಲಿ ಕಳೆದವರು ಬೇರೆ ಯಾರೂ ಇರಲಿಲ್ಲ. ಆದರೆ ಅವರು ಬಲಗಡೆಯ ಸೀಟಿನಲ್ಲಿ ಕೂತದ್ದು ಯಾವ ಕಾಲದಲ್ಲಿ ಎಂಬುದನ್ನು ಯಾರೂ ಯೋಚಿಸಿರಲಿಲ್ಲ. ಅವರೂ ಯೋಚಿಸಿರಲಿಲ್ಲ.

ಅವರ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಸೂಜಿ ಚುಚ್ಚುವ ಮೊದಲು "ಏನೂ ಆಗಲ್ಲ, ಆ ಕಡೆ ನೋಡಿ" ಎನ್ನುವುದು ಅವರ ದಿನದ ಮಾತು. ಕಾರು ಕಲಿಯುವ ಆಸೆ ಅವರಿಗೂ ಇತ್ತು. ಕೇಳಿದಾಗಲೆಲ್ಲ ಮೇಷ್ಟ್ರು "ಹೆಂಡ್ತಿಗೆ ಕಲ್ಸೋಕೆ ಕೂತ್ರೆ ಸಂಸಾರ ನಡುರೋಡಲ್ಲಿ ನಿಲ್ಲುತ್ತೆ ಕಣೇ" ಎಂದು ನಗಿಸಿ ಜಾರಿಕೊಳ್ಳುತ್ತಿದ್ದರು. ಆಕೆ ನಗುತ್ತಲೇ ಹೋಗಿ, ಊರಿನಾಚೆಯ ಇನ್ನೊಂದು ಸ್ಕೂಲಿಗೆ ಸೇರಿ, ಲೈಸೆನ್ಸ್ ತಂದು ಊಟದ ಮೇಜಿನ ಮೇಲಿಟ್ಟರು. ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, "ಫೋಟೊ ಚೆನ್ನಾಗಿ ಬಂದಿದೆ" ಎಂದಷ್ಟೇ ಹೇಳಿದರು. ಆಮೇಲೆ ಆ ಮನೆಯಲ್ಲಿ ಯಾರೂ ಲೈಸೆನ್ಸಿನ ಮಾತೆತ್ತಲಿಲ್ಲ.

ಇಂಥ ಮೇಷ್ಟ್ರಿಗೆ ಪ್ರೀತಿ ಹುಟ್ಟಿದ್ದು ಒಂದು ಸಿಗ್ನಲ್ಲಿನಲ್ಲಿ. ಕಲಿಯುವ ಹೆಂಗಸೊಬ್ಬರು ಗೇರ್ ಹುಡುಕುತ್ತಿದ್ದಾಗ ಪಕ್ಕದಲ್ಲಿ ಬೂದು ಬಣ್ಣದ ಕಾರೊಂದು ಬಂದು ನಿಂತಿತು. ಮೂತಿಯ ಮೇಲೆ ಕಂಪನಿಯ ಗುರುತು, ಬೆಳ್ಳಿಯ ಮೂರು ರೆಕ್ಕೆ. ಅದರಿಂದ ಯಾರೋ ಇಳಿದು ಬಾಗಿಲು ಹಾಕಿದರು. ದಪ್. ದೊಡ್ಡ ಪುಸ್ತಕವನ್ನು ಓದಿ ಮುಗಿಸಿ ಮುಚ್ಚಿದ ಹಾಗೆ, ಮೆತ್ತಗೆ, ತುಂಬಿದ ಸದ್ದು. ಜೀವಮಾನವಿಡೀ ತಗಡಿನ ಡಬ್ಬದ ಸದ್ದು ಕೇಳಿದ್ದ ಕಿವಿಗೆ ಅದು ಇಳಿದುಹೋಯಿತು. ಸಿಗ್ನಲ್ ಹಸಿರಾಯಿತು, ಹಿಂದಿನವರು ಬೈದರು, ಆ ಹೆಂಗಸು "ಮೇಷ್ಟ್ರೇ, ಹೋಗ್ಲಾ?" ಎಂದು ಅಳುವಂತಾದರು. ಮೇಷ್ಟ್ರು ಇನ್ನೂ ಆ ಬಾಗಿಲಿನಲ್ಲೇ ಇದ್ದರು.

ಅಂದಿನಿಂದ ಮೂರು ರೆಕ್ಕೆಯ ಕಂಪನಿ ಅವರಿಗೆ ಬೀಗರ ಮನೆಯಾಯಿತು. ಅದನ್ನು ಯಾರೂ ಒಂದು ಮಾತು ಅನ್ನುವ ಹಾಗಿರಲಿಲ್ಲ. ಬೇರೆ ಕಂಪನಿಯ ಕಾರು ಕೊಂಡವರನ್ನು ಕಂಡರೆ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ "ಹೇಗಿದೆ ಈಗ?" ಎಂದು ಕೇಳುತ್ತಿದ್ದರು. ರಜೆಯ ದಿನ ಷೋರೂಮಿಗೆ ಹೋಗಿ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಬರುತ್ತಿದ್ದರು.

"ಸಾರ್, ಒಂದ್ಸಲ ಓಡ್ಸಿ ನೋಡಿ," ಎಂದಳು ಷೋರೂಮಿನ ಹುಡುಗಿ.

"ನಾನು ದಿನಾ ಕಾರಲ್ಲೇ ಇರೋನಮ್ಮ. ನೀನು ಓಡ್ಸು, ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಪಕ್ಕದಲ್ಲಿ ಕೂತು ಅವಳ ಕ್ಲಚ್ಚಿನಲ್ಲಿ ತಪ್ಪು ಹುಡುಕಿದರು, ಕನ್ನಡಿ ನೋಡುವುದನ್ನು ತಿದ್ದಿದರು, ತುಂಬ ಸಂತೋಷಪಟ್ಟರು. ಮನೆಗೆ ಬಂದು "ಕಾರು ಅಂದ್ರೆ ಅದು!" ಎಂದರು.

"ತಗೊಳ್ಳಿ ಹಾಗಾದ್ರೆ. ನಾನೂ ಲ್ಯಾಬಿಗೆ ತಗೊಂಡು ಹೋಗ್ಬಹುದು," ಎಂದರು ಹೆಂಡತಿ.

"ತಗೋತೀನಿ. ಆದ್ರೆ ಅದಕ್ಕೆ ನನ್ನ ಕೈ ಬಿಟ್ರೆ ಇನ್ನೊಬ್ರ ಕೈ ಸೋಕಬಾರ್ದು. ಅದೂ ಎಲ್ಲೆಲ್ಲೋ ಕಲ್ತವರದ್ದು."

ಹೆಂಡತಿ ನಾಳೆಯ ಬಸ್ಸಿಗೆ ಚಿಲ್ಲರೆ ಎಣಿಸಿ ಲ್ಯಾಬಿನ ಚೀಲಕ್ಕೆ ಹಾಕಿಕೊಂಡರು. 

ಕಾರು ಕೈಗೆ ಬರುವ ದಿನ ಷೋರೂಮಿನಲ್ಲಿ ರಿಬ್ಬನ್ ಕಟ್ಟಿದ್ದರು. ರಟ್ಟಿನ ದೊಡ್ಡ ಕೀಲಿ ಹಿಡಿಸಿ ಫೋಟೊ ತೆಗೆದರು. ಚಪ್ಪಾಳೆಯ ನಡುವೆ ಮೇಷ್ಟ್ರು ಬಾಗಿಲು ತೆಗೆದು ಕೂತು, ದಪ್ ಎಂದು ಹಾಕಿಕೊಂಡು, ಆ ಸದ್ದನ್ನು ಕಣ್ಣುಮುಚ್ಚಿ ಅನುಭವಿಸಿ, ಬೆಲ್ಟ್ ಬಿಗಿದು ಹೇಳಿದರು: "ಹೂಂ, ಕನ್ನಡಿ ಸರಿ ಮಾಡ್ಕೋ. ನಿಧಾನಕ್ಕೆ ಬಿಡು."

ಬಲಗಡೆಯ ಸೀಟು ಖಾಲಿ ಇತ್ತು.

ಹೊರಗೆ ಚಪ್ಪಾಳೆ ಒಂದೊಂದಾಗಿ ನಿಂತಿತು. ಹೆಂಡತಿ ಕಿಟಕಿಗೆ ಬಗ್ಗಿ ಕೇಳಿದರು: "ರೀ, ಯಾರಿಗೆ ಹೇಳ್ತಿದ್ದೀರಾ?"

ಮೇಷ್ಟ್ರು "ಸೀಟು ಮೆತ್ತಗಿದೆಯಾ ನೋಡ್ದೆ" ಎನ್ನುತ್ತ ಇಳಿದು ಸುತ್ತುಹಾಕಿ ಬಂದರು. ಹೆಂಡತಿ ಎಡಗಡೆ ಕೂತರು. ಕಾರು ಒಮ್ಮೆ ಜಿಗಿದು ನಿಂತಿತು. ಮತ್ತೆ ಜಿಗಿದು ನಿಂತಿತು. ಬಲಗಾಲಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ನಿಲ್ಲಿಸುವುದು. ಎದುರಿಗೆ ಏನೇ ಕಂಡರೂ ಅದು ನಿಲ್ಲಿಸುತ್ತಿತ್ತು. ಏನೂ ಕಾಣದಿದ್ದರೆ ಅನುಮಾನಪಟ್ಟು ನಿಲ್ಲಿಸುತ್ತಿತ್ತು. ಇಡೀ ದಾರಿ ಒಂದನೇ ಗೇರಿನಲ್ಲಿ ಉಸಿರುಗಟ್ಟಿ ಮನೆ ಸೇರಿತು ಕಾರು. ಅವರನ್ನು ದಾಟಿಹೋದವರಲ್ಲಿ ಕೆಲವರು ಅವರ ಬಳಿಯೇ ಕಲಿತವರು. "ಹೊಸ ಕಾರು, ಮೇಷ್ಟ್ರು ಪಳಗಿಸ್ತಿದ್ದಾರೆ" ಎಂದು ಗೌರವದಿಂದ ಕೈಬೀಸಿದರು.

ಆಮೇಲೆ ಕಾರು ಹೊದಿಕೆಯೊಳಗೆ ಸೇರಿತು. ಸಂಜೆ ಮೇಷ್ಟ್ರು ಹೊದಿಕೆ ಸರಿಸಿ, ಬಾಗಿಲು ಹಾಕಿಕೊಂಡು, ಸುಮ್ಮನೆ ಕೂತು ಎದ್ದು ಬರುತ್ತಿದ್ದರು. ಹೀಗೇ ದಿನ ತಳ್ಳಬಹುದಿತ್ತೇನೋ. ಆದರೆ ಸ್ಕೂಲಿನ ಮಾಲೀಕರು ಬಿಡಬೇಕಲ್ಲ.

"ಬರೋ ಭಾನುವಾರ ನಮ್ಮನ್ನೆಲ್ಲ ಒಂದ್ ಸುತ್ತು ಕರ್ಕೊಂಡು ಹೋಗ್ಬೇಕು ಮೇಷ್ಟ್ರೇ. ನಿಮ್ಮ ಕೈಯಲ್ಲಿ ಕಾರು ಹೇಗೆ ಹೋಗುತ್ತೆ ಅಂತ ನೋಡೇ ಇಲ್ಲ ನಾವು!"

ಅದು ನಿಜವಾಗಿತ್ತು. ಅಂದು ಮೇಷ್ಟ್ರಿಗೆ ಊಟ ಸೇರಲಿಲ್ಲ. ಊರಿಗೆಲ್ಲ ಕಲಿಸಿದವನಿಗೆ ಬರುವುದಿಲ್ಲ ಎಂದು ಗೊತ್ತಾದರೆ ಆ ಎಡ ಸೀಟೂ ಉಳಿಯುವುದಿಲ್ಲ. ತಟ್ಟೆಯ ಅಂಚನ್ನೇ ನೋಡುತ್ತ ಕೇಳಿದರು: "ನೀನು... ಒಂದೆರಡು ದಿನ... ಪಕ್ಕದಲ್ಲಿ ಕೂರ್ತೀಯಾ?"

"ಗಂಡನಿಗೆ ಕಲ್ಸಿದ್ರೆ ಸಂಸಾರ ಎಲ್ಲಿ ನಿಲ್ಲುತ್ತಂತೆ?"

"ಹೊಟ್ಟೆ ಉರಿಸ್ಬೇಡ ಕಣೇ."

"ನಾಳೆ ಬೆಳಿಗ್ಗೆ, ಗೋದಾಮಿನ ಹಿಂದಿನ ಮೈದಾನ. ಹೊತ್ತಿಗೆ ಸರಿಯಾಗಿ ಬರ್ಬೇಕು. ನಾನು ಕಾಯಲ್ಲ."

ಮೈದಾನದಲ್ಲಿ ಹೆಂಡತಿ ಲ್ಯಾಬಿನ ದನಿಯಲ್ಲೇ ಕಲಿಸಿದರು. "ಏನೂ ಆಗಲ್ಲ. ಕಾಲು ನೋಡ್ಕೋಬೇಡಿ, ಆ ಕಡೆ ನೋಡಿ." ಭಾನುವಾರದ ಹೊತ್ತಿಗೆ ಮೇಷ್ಟ್ರು ಎರಡನೇ ಗೇರಿಗೆ ಬಂದಿದ್ದರು. ಮಾಲೀಕರು ತಮ್ಮ ಹೆಂಡತಿಯೊಂದಿಗೆ, ಇಬ್ಬರು ಚಿಕ್ಕ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದೆ ಕೂತರು. ಮಕ್ಕಳನ್ನು ನೋಡಿದ ಮೇಲೆ ಮೇಷ್ಟ್ರ ಕೈ ಕೀಲಿಯನ್ನು ತಿರುಗಿಸಲು ಒಪ್ಪಲಿಲ್ಲ. ಅದನ್ನು ಪಕ್ಕದಲ್ಲಿದ್ದ ತಮ್ಮ ಹೆಂಡತಿಗೆ ಕೊಟ್ಟು ಇಳಿದರು.

"ನಂಗೆ ಓಡ್ಸೋಕೆ ಬರಲ್ಲ ಸಾರ್," ಎಂದರು.

ಮಾಲೀಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮೇಷ್ಟ್ರ ತಮಾಷೆ ನೋಡೇ!" ಮೇಷ್ಟ್ರ ಹೆಂಡತಿ ಕಾರನ್ನು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಿಸಿದಾಗ ಇನ್ನೂ ಬೆರಗಾದರು. "ಎಷ್ಟ್ ಚೆನ್ನಾಗಿ ಕಲ್ಸಿದ್ದೀರಿ ಮೇಷ್ಟ್ರೇ!"

"ಇವಳು ಕಲ್ತಿದ್ದು ಆ ಕಡೆ ಸ್ಕೂಲಲ್ಲಿ. ಈಗ ನಂಗೆ ಕಲಿಸ್ತಿದ್ದಾಳೆ."

"ಇದಪ್ಪಾ ದೊಡ್ಡತನ ಅಂದ್ರೆ!"

ಸೋಮವಾರ ಸ್ಕೂಲಿನ ಮುಂದೆ ಹೊಸ ಬೋರ್ಡು ನೇತಾಡುತ್ತಿತ್ತು: 'ನಮ್ಮ ಮೇಷ್ಟ್ರ ಮನೆಯವರೂ ಇಲ್ಲೇ ಕಲಿತವರು.' ಅದನ್ನು ಓದಿ ಮೇಷ್ಟ್ರು ಕಾರಿನಿಂದ ಇಳಿದುಬಿಟ್ಟರು. ಬೋರ್ಡಿನ ಕೆಳಗೇ ನಿಂತರು. ಪಾಠಕ್ಕೆ ಬಂದವರು ಸಾಲುಗಟ್ಟಿದರು. "ಇದು ಸುಳ್ಳು ಸಾರ್. ಇಳಿಸಿದ್ರೆ ಕೂರ್ತೀನಿ," ಎಂದು ಒಂದೇ ಹಟ. ಮಾಲೀಕರು ಬೋರ್ಡು ಇಳಿಸಿ, ಸಂಜೆಯೊಳಗೆ ಇನ್ನೊಂದನ್ನು ಬರೆಸಿದರು: 'ಸುಳ್ಳು ಹೇಳದ ಮೇಷ್ಟ್ರು.' ಸ್ಕೂಲಿಗೆ ಸೇರುವವರು ಹೆಚ್ಚಾದರು.

ಮೈದಾನದ ಪಾಠ ನಡೆದೇ ಇತ್ತು. ಒಂದು ಬೆಳಿಗ್ಗೆ ಹೆಂಡತಿ ಲ್ಯಾಬಿನ ಚೀಲ ಹೆಗಲಿಗೇರಿಸಿಕೊಂಡು ಕಾರಿನಿಂದ ಇಳಿದು ನಿಂತರು.

"ಇನ್ನು ನೀವೊಬ್ರೇ ಒಂದ್ ಸುತ್ತು ಹೋಗಿ ಬನ್ನಿ."

"ನಾನೊಬ್ನೇನಾ?"

"ಮತ್ತೆ ಇನ್ಯಾರು?"

ಕಾರು ಮೆಲ್ಲಗೆ ಹೊರಟಿತು, ಮೈದಾನದ ಅಂಚಿಗೆ ಹೋಯಿತು, ಗೇಟು ದಾಟಿ ರಸ್ತೆಗೇ ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ತಿರುಗಿಯೂ ಬರಲಿಲ್ಲ. ಮೇಷ್ಟ್ರಿಗೆ ಬಲಕ್ಕೆ ತಿರುಗಿಸುವ ಧೈರ್ಯ ಇನ್ನೂ ಬಂದಿಲ್ಲ ಎಂಬುದು ಹೆಂಡತಿಗೆ ಆಗ ನೆನಪಾಯಿತು. ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ ಹೊರಳುತ್ತ ಊರನ್ನೆಲ್ಲ ಸುತ್ತಿಯೇ ಬರಬೇಕು ಅವರು. ಲ್ಯಾಬಿನಲ್ಲಿ ಜನ ರಾತ್ರಿಯಿಂದ ಉಪವಾಸ ಕೂತು ಕಾಯುತ್ತಿರುತ್ತಾರೆ. ಆಕೆ ಗೇಟಿನಾಚೆಯ ರಸ್ತೆಗೆ ನಡೆದು ಬರುವಷ್ಟರಲ್ಲಿ ಬಸ್ಸೊಂದು ಬಂದು ಮುಂದೆಯೇ ನಿಂತಿತು.

"ಹತ್ತೀರಾ ಅಮ್ಮಾ?" ಎಂದ ಕಂಡಕ್ಟರ್.

"ಇಲ್ಲಪ್ಪ, ನಮ್ಮನೆಯವರು ಕಾರು ತರ್ತಾರೆ," ಎಂದು ಆಕೆ ಅಲ್ಲೇ ನಿಂತರು.